ಗಿಣ್ಣದ ಹಾಲೂ ಚೊಚ್ಚಲ ಬಾಣಂತಿಯೂ

ಆಕಳು ಈದ ಮನೆಯ ಸಡಗರವನ್ನು ಹನುಮಸಾಗರದ ಕಡೆಯ ಊರುಗಳಲ್ಲಿ ನೋಡಬೇಕು. ಮೊದಲು ಕರೆದ ಹಳದಿ ಹಾಲು ಬೆಲ್ಲ ಯಾಲಕ್ಕಿಗಳೊಡನೆ ಗಿಣ್ಣವಾಗಿ, ಬಟ್ಟಲು ಬಟ್ಟಲಾಗಿ ನೆರೆಮನೆಗಳಿಗೆ ಹೋಗುತ್ತದೆ. ಆದರೆ ತಿಳಿದ ರೈತನು ಕರುವಿನ ಪಾಲನ್ನು ಬಿಟ್ಟ ಹೊರತು ಕೆಚ್ಚಲಿಗೆ ಕೈಹಚ್ಚುವುದಿಲ್ಲ. ಗಿಣ್ಣ ಕುಡಿಯದ ಕರು ಏಳಿಗೆಯಾಗದೆಂಬುದು ಅವನ ಅನುಭವದ ಮಾತು. ಈ ಅರಿವು ದನದ ಕೊಟ್ಟಿಗೆಯಿಂದ ಬಾಣಂತಿಯ ಕೋಣೆಯವರೆಗಿನ ಹತ್ತು ಹೆಜ್ಜೆಗಳನ್ನು ದಾಟಿ ಬರಲು ಮಾತ್ರ ಎಷ್ಟೋ ತಲೆಮಾರುಗಳು ಹಿಡಿದುವು.

ಹೆಣ್ಣಿನ ಎದೆಯಲ್ಲಿ ಮೊದಲ ಎರಡು ಮೂರು ದಿನ ಸ್ರವಿಸುವ ಹಾಲೂ ಗಿಣ್ಣವೇ. ಹಳದಿ, ಮಂದ, ಪ್ರಮಾಣದಲ್ಲಿ ಅಲ್ಪ. ಅದನ್ನು ‘ಕೆಟ್ಟ ಹಾಲು’ ಎಂದು ಹಿಂಡಿ ಚೆಲ್ಲಿ, ಕೂಸಿಗೆ ಸಕ್ಕರೆ ನೀರನ್ನೋ, ಜೇನನ್ನೋ, ತುಸು ಔಡಲೆಣ್ಣೆಯನ್ನೋ ನೆಕ್ಕಿಸುತ್ತ ಮೂರನೆಯ ದಿನವನ್ನು ಕಾಯುವ ರೂಢಿ ನಾಡಿನ ಅನೇಕ ಕಡೆ ಇತ್ತು. ಇಂದಿಗೂ ಪೂರ್ತಿ ಅಳಿದಿಲ್ಲ. ಚೆಲ್ಲಿದ್ದು ಏನನ್ನು? ತಾಯಿ ತನ್ನ ಆಯುಷ್ಯದಲ್ಲಿ ಎದುರಿಸಿ ಗೆದ್ದ ರೋಗಗಳ ಪ್ರತಿಕಾಯಗಳನ್ನು, ಎ ಜೀವಸತ್ತ್ವವನ್ನು, ಕೂಸಿನ ಕರುಳಿನ ಮೊದಲ ಕಪ್ಪು ಮಲವನ್ನು ಹೊರದೂಡುವ ಸೌಮ್ಯವಾದ ರೇಚಕವನ್ನು. ಔಡಲೆಣ್ಣೆ ಮಾಡಬೇಕಾದ ಕೆಲಸಕ್ಕೆ ಪ್ರಕೃತಿಯೇ ಏರ್ಪಾಡು ಮಾಡಿತ್ತು!

ಹೆರಿಗೆಯಾದ ಒಂದು ತಾಸಿನೊಳಗೆ ಕೂಸನ್ನು ಎದೆಗೆ ಹಚ್ಚಬೇಕೆಂದು ವೈದ್ಯರು ಹೇಳುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ನೂರಕ್ಕೆ 89 ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗುತ್ತವೆ. ಆದರೆ ಮೊದಲ ತಾಸಿನಲ್ಲಿ ತಾಯಹಾಲು ಕಂಡ ಕೂಸುಗಳು ನೂರಕ್ಕೆ 42ರಷ್ಟು ಮಾತ್ರ. ಸೂಲಗಿತ್ತಿಯರ ಅಜ್ಞಾನವೆಂದು ಬೈದು ಕೈತೊಳೆದುಕೊಳ್ಳುವ ಹಾಗಿಲ್ಲ ಎಂದಾಯಿತು.

ಚೊಚ್ಚಲ ಬಾಣಂತಿಯ ನಿಜವಾದ ಪರೀಕ್ಷೆ ಎರಡನೆಯ ರಾತ್ರಿಯದು. ಕೂಸು ಗಳಿಗೆಗೊಮ್ಮೆ ಅಳುತ್ತದೆ. ನೋಡಲು ಬಂದವರು ಒಂದೊಂದು ಮಾತು ಆಡಿ ಹೋಗಿರುತ್ತಾರೆ. “ಅವ್ವಾ, ಕೂಸಿಗೆ ಹಾಲು ಸಾಲವಲ್ವು ನೋಡು” ಎಂದು ಅವಳ ಕಣ್ಣು ತುಂಬುತ್ತವೆ. ತವರಿನ ತಾಯಿ ಅನುಭವಸ್ಥಳಾದರೆ “ಬರ್ತಾವ ಸುಮ್ಕಿರವ್ವಾ, ಇನ್ನೊಮ್ಮಿ ಎದಿಗೆ ಹಚ್ಚು” ಎನ್ನುತ್ತಾಳೆ. ಅಂಜುಬುರುಕಿಯಾದರೆ ಅಂಗಡಿಗೆ ಡಬ್ಬಿಯ ಹಾಲು ತರಲು ಮಗನನ್ನು ಅಟ್ಟುತ್ತಾಳೆ. ಆ ಒಂದು ಗಳಿಗೆಯಲ್ಲಿ ಮುಂದಿನ ಆರು ತಿಂಗಳು ನಿಶ್ಚಯವಾಗುವುದುಂಟು.

ಕುಷ್ಟಗಿ ಸೀಮೆಯವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಬೇಸಗೆಯಲ್ಲಿ ಬತ್ತಿದ ಹಳ್ಳದ ಮರಳಿನಲ್ಲಿ ಒರತೆ ತೆಗೆದವರು ಬಲ್ಲರು: ಮೊಗೆದಷ್ಟೂ ನೀರು ಜಿನುಗುತ್ತದೆ, ಮೊಗೆಯುವುದನ್ನು ಬಿಟ್ಟರೆ ಮರಳು ಕುಸಿದು ಮುಚ್ಚುತ್ತದೆ. ತಾಯಿಯ ಎದೆ ತುಂಬಿಟ್ಟ ಕೊಡವಲ್ಲ, ಒರತೆ. ಕೂಸು ಚೀಪಿದಾಗ ಮಿದುಳಿನ ಬುಡದ ಗ್ರಂಥಿಯಿಂದ ಎರಡು ರಸಗಳು ರಕ್ತಕ್ಕೆ ಇಳಿಯುತ್ತವೆ. ಪ್ರೊಲ್ಯಾಕ್ಟಿನ್ ಹಾಲನ್ನು ತಯಾರಿಸುತ್ತದೆ, ಆಕ್ಸಿಟೋಸಿನ್ ಅದನ್ನು ಹೊರಕ್ಕೆ ನೂಕುತ್ತದೆ. ನೋವು, ಭಯ, ನಾಲ್ಕು ಜನರ ಮುಂದಿನ ಸಂಕೋಚ ಇವುಗಳಿಂದ ಎರಡನೆಯದಕ್ಕೆ ತಡೆಯುಂಟಾಗುತ್ತದೆ. ಬಾಟಲಿ ಬಂದ ಮನೆಯಲ್ಲಿ ಕೂಸು ಎದೆಯನ್ನು ಕಡಿಮೆ ಚೀಪುತ್ತದೆ, ಕಡಿಮೆ ಚೀಪಿದುದರಿಂದ ಹಾಲು ಕಡಿಮೆಯಾಗುತ್ತದೆ, “ನೋಡಿದಿರಾ, ನಾವು ಹೇಳಲಿಲ್ಲವೇ?” ಎಂದು ಹೇಳುವವರು ಹೇಳುತ್ತಾರೆ. ಮೊದಲ ದಿನ ಕೂಸಿಗೆ ಒಂದು ಸಲಕ್ಕೆ ಬೇಕಾದುದು ಒಂದೆರಡು ಚಹಾ ಚಮಚೆಯಷ್ಟು ಮಾತ್ರ. ಮೂರು ನಾಲ್ಕನೆಯ ದಿನಕ್ಕೆ ಹಾಲು ತುಂಬಿ ಬರುತ್ತದೆ.

ಮೊಲೆತೊಟ್ಟು ಬಿರಿದು ರಕ್ತ ಜಿನುಗುವ ಸಂಕಟವನ್ನು ಅನೇಕ ಹೆಂಗಸರು ಹಣೆಬರಹವೆಂದು ಹಲ್ಲುಕಚ್ಚಿ ಸಹಿಸುತ್ತಾರೆ. ಬಹುಮಟ್ಟಿಗೆ ಅದು ಹಿಡಿಯುವ ಬಗೆಯ ದೋಷ. ಕೂಸು ತೊಟ್ಟನ್ನಷ್ಟೇ ಕಚ್ಚಬಾರದು. ಬಾಯಿ ಅಗಲವಾಗಿ ತೆರೆದು ಸುತ್ತಲಿನ ಕಪ್ಪು ಭಾಗದ ಬಹುಪಾಲನ್ನು ತುಂಬಿಕೊಳ್ಳಬೇಕು, ಗಲ್ಲ ಎದೆಗೆ ತಾಕಬೇಕು, ಹೊಟ್ಟೆಗೆ ಹೊಟ್ಟೆ ಹತ್ತಬೇಕು. ತಾಯಿ ಬಾಗಿ ಕೂಸಿನ ಬಳಿಗೆ ಹೋಗದೆ ಕೂಸನ್ನೇ ಎದೆಯ ಬಳಿಗೆ ತರಬೇಕು. ಹಾಲು ಕಟ್ಟಿ ಎದೆ ಕಲ್ಲಾದರೆ ಬಿಸಿನೀರಿನ ಬಟ್ಟೆಯ ಶಾಖ ಕೊಟ್ಟು ತುಸು ಹಿಂಡಿ ಆಮೇಲೆ ಕುಡಿಸುವುದು; ಕೆಂಪಾಗಿ ಜ್ವರ ಬಂದರೆ ವೈದ್ಯರಲ್ಲಿಗೆ ಹೋಗುವುದು. ಹಗಲೂ ರಾತ್ರಿಯೂ ಸೇರಿ ಎಂಟರಿಂದ ಹನ್ನೆರಡು ಸಲ ಕುಡಿಸಬೇಕಾಗುತ್ತದೆ. ಸಾಲುತ್ತದೆಯೋ ಇಲ್ಲವೋ ಎಂಬುದಕ್ಕೆ ಅಳುವಿಗಿಂತ ಒದ್ದೆಯಾದ ಬಟ್ಟೆಗಳೇ ಒಳ್ಳೆಯ ಸಾಕ್ಷಿ: ಹಾಲು ಇಳಿದ ಮೇಲೆ ದಿನಕ್ಕೆ ಆರು ಸಲವಾದರೂ ಮೂತ್ರ ಮಾಡಿ, ಮೊದಲ ದಿನಗಳಲ್ಲಿ ಇಳಿದ ತೂಕವನ್ನು ಎರಡು ವಾರಗಳಲ್ಲಿ ಮರಳಿ ಪಡೆದರೆ ಕೂಸು ಉಂಡಿತೆಂದೇ ಅರ್ಥ.

ಅಂಟಿನ ಉಂಡಿ, ಅಳವಿ ಪಾಯಸ, ಸಬ್ಬಸಿಗೆ ಪಲ್ಯ, ಬಳ್ಳೊಳ್ಳಿ ಇವೆಲ್ಲ ಇರಲಿ; ಹಾಲು ಹೆಚ್ಚುವುದು ಮುಖ್ಯವಾಗಿ ಕೂಸಿನ ಚೀಪುವಿಕೆಯಿಂದಾದರೂ, ದಣಿದ ಮೈಗೆ ಕೊಬ್ಬರಿ ಖಾರೀಕಗಳ ಪುಷ್ಟಿ ಬೇಡವೆನ್ನುವವರು ಯಾರು? ಬಾಣಂತಿಗೆ ನೀರು ಕೊಡಬಾರದೆಂಬ ಕಟ್ಟಳೆಯೊಂದು ಮಾತ್ರ ಕ್ರೂರವಾದುದು. ತಾಯಹಾಲಿನಲ್ಲಿ ನೂರಕ್ಕೆ 87 ಭಾಗಕ್ಕಿಂತ ಹೆಚ್ಚು ನೀರೇ. ಆದುದರಿಂದಲೇ ಬಿರುಬೇಸಗೆಯಲ್ಲಿಯೂ ಆರು ತಿಂಗಳು ತುಂಬುವವರೆಗೆ ಕೂಸಿಗೆ ಬೇರೆ ನೀರು ಬೇಕಿಲ್ಲ, ಬೇಕಾದುದು ತಾಯಿಗೆ. ಕರ್ನಾಟಕ ಸರಕಾರವು 2017ರ ಅಕ್ಟೋಬರ್ 2ರಂದು ‘ಮಾತೃಪೂರ್ಣ’ ಯೋಜನೆಯನ್ನು ಆರಂಭಿಸಿ ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಬಿಸಿಯೂಟವನ್ನು ಏರ್ಪಡಿಸಿತು. ಹಸಿ ಬಾಣಂತಿ ಹೊಸಿಲು ದಾಟಬಾರದೆನ್ನುವ ಮನೆಗಳಲ್ಲಿ ಊಟವಿದ್ದಲ್ಲಿಗೆ ಅವಳು ನಡೆದು ಹೋಗುವುದೆಂತು ಎಂಬುದು ಬೇರೆ ಪ್ರಶ್ನೆ.

ಡಬ್ಬಿಯ ಹಾಲಿನ ಕಥೆಯಲ್ಲಿ ಕನ್ನಡನಾಡಿನದೂ ಒಂದು ಪಾತ್ರವಿದೆ. ಎಮ್ಮೆಯ ಹಾಲಿನಿಂದ ಶಿಶು ಆಹಾರದ ಪುಡಿಯನ್ನು ತಯಾರಿಸುವ ವಿಧಾನವನ್ನು ರೂಪಿಸಿದುದು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ. ತಾಯಿಯಿಲ್ಲದ, ತಾಯಿಗೆ ಕಾಯಿಲೆಯಾದ ಕೂಸುಗಳಿಗೆ ಅದರಿಂದ ಉಪಕಾರವಾಯಿತು. ಆದರೆ ಗುಂಡುಗೆನ್ನೆಯ ಮಕ್ಕಳ ಚಿತ್ರಗಳೊಡನೆ ಡಬ್ಬಿಗಳು ಇಂಥ ವಾರಪತ್ರಿಕೆಗಳ ಪುಟಗಳಲ್ಲಿಯೇ ಮೆರೆದುವು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆ ಅವುಗಳ ಮಾರಾಟಕ್ಕೆ ನೀತಿಸಂಹಿತೆಯನ್ನು ವಿಧಿಸಿತು. 1992ರಲ್ಲಿ ನಮ್ಮ ಸಂಸತ್ತು ಕಾಯಿದೆ ಮಾಡಿ ಜಾಹೀರಾತನ್ನೂ, ಡಬ್ಬಿಯ ಮೇಲೆ ತಾಯಿ ಮಗುವಿನ ಚಿತ್ರವನ್ನೂ ನಿಷೇಧಿಸಿತು. ಡಬ್ಬಿ ಬೇಗ ತೀರದಿರಲೆಂದು ಪುಡಿಯನ್ನು ತೆಳ್ಳಗೆ ಕಲಸುವ ಬಡತನವನ್ನೂ, ಶುದ್ಧವಲ್ಲದ ನೀರನ್ನೂ ಯಾವ ಕಾಯಿದೆ ನಿಷೇಧಿಸೀತು? ಹಾಗೆಂದು, ವೈದ್ಯರ ಮಾತಿನ ಮೇರೆಗೆ ಡಬ್ಬಿಯ ಹಾಲು ಕುಡಿಸಬೇಕಾಗಿ ಬಂದ ತಾಯಿಯನ್ನು ಹಂಗಿಸುವ ನಾಲಗೆಯೂ ಒಳ್ಳೆಯದಲ್ಲ.

1961ರ ಹೆರಿಗೆ ಸೌಲಭ್ಯ ಕಾಯಿದೆಯು 2017ರಲ್ಲಿ ತಿದ್ದುಪಡಿಯಾಗಿ, ನೌಕರಿಯಲ್ಲಿರುವ ಹೆಂಗಸಿಗೆ ಮೊದಲ ಎರಡು ಮಕ್ಕಳಿಗೆ 26 ವಾರಗಳ ರಜೆ ದೊರೆಯಿತು. ಮಗುವಿಗೆ 15 ತಿಂಗಳು ತುಂಬುವವರೆಗೆ ಹಾಲೂಡಲು ದಿನಕ್ಕೆರಡು ಬಿಡುವುಗಳೂ ಉಂಟು. ಹನುಮಸಾಗರದ ಸುತ್ತಲ ಹೊಲಗಳಲ್ಲಿ ಕಳೆ ತೆಗೆಯುವ ಕೂಲಿಯವಳನ್ನೂ, ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೆ ಗುಳೆ ಹೋಗಿ ಕಲ್ಲುಮಣ್ಣು ಹೊರುವವಳನ್ನೂ ಈ ಸೌಲಭ್ಯ ಮುಟ್ಟುವುದಿಲ್ಲ. ಬೆಳಗ್ಗೆ ಶುಚಿಯಾದ ಬಟ್ಟಲಿಗೆ ಹಾಲು ಹಿಂಡಿ, ತಂಪಾದ ಕಡೆ ಮುಚ್ಚಿಟ್ಟು, ನಾಲ್ಕು ತಾಸಿನೊಳಗೆ ಒಳಲೆಯಿಂದ ಕುಡಿಸಬಹುದು. ಅಜ್ಜಿಯರ ಆ ಒಳಲೆಯ ಮಾದರಿಯನ್ನೇ ಈಗ ಆಸ್ಪತ್ರೆಗಳ ಶಿಶುವಿಭಾಗಗಳಲ್ಲಿಯೂ ಬಳಸುತ್ತಾರೆ; ತೊಳೆಯಲು ಬಾಟಲಿಗಿಂತ ಸುಲಭ. ಮಧ್ಯಾಹ್ನದ ಹಾಲಿಗೆ ಅತ್ತೆಯೋ ನಾದಿನಿಯೋ ಕೂಸನ್ನು ಹೊತ್ತು ಹೊಲದ ಬದುವಿಗೆ ತರುತ್ತಾಳೆ. ಬೇವಿನ ನೆರಳಿನಲ್ಲಿ ಸೆರಗು ಮರೆಮಾಡಿ ಅವಳು ಕುಳಿತ ಆ ಅರ್ಧ ತಾಸಿಗೆ ಕೂಲಿ ಮುರಿಯುವ ಒಡೆಯರೂ ಇದ್ದಾರೆ, ಮುರಿಯದವರೂ ಇದ್ದಾರೆ.