ಶುದ್ಧ ನೀರಿಗೂ ಬೇಕು ಶುದ್ಧ ತೊಟ್ಟಿ

'ತುಂಗಾ ಪಾನ, ಗಂಗಾ ಸ್ನಾನ' ಎಂಬ ಮಾತು ಶಿವಮೊಗ್ಗದ ಮಕ್ಕಳಿಗೂ ಗೊತ್ತು. ಕುಡಿಯಲು ತುಂಗೆಯ ನೀರು ಸೊಗಸು, ಸರಿ. ಕಿಟಕಿಯ ಗಾಜು ತೊಳೆಯಲು? ತೊಳೆದ ಗಾಜನ್ನು ಒರೆಸದೆ ಬಿಸಿಲಿಗೆ ಬಿಟ್ಟು ನೋಡಿ. ಹನಿ ಆರಿದ ಕಡೆ ಬಿಳಿ ಚುಕ್ಕೆ ಉಳಿಯುತ್ತದೆ. ಬೋರ್‌ವೆಲ್‌ನ ಗಡಸು ನೀರಾದರೆ ಕಲೆ ಇನ್ನೂ ದಟ್ಟ.

ಈ ಚುಕ್ಕೆ ಕೊಳೆಯಲ್ಲ. ಕಲ್ಲು ಮಣ್ಣಿನ ನಡುವೆ ಹರಿಯುವಾಗ ನೀರು ಕರಗಿಸಿಕೊಂಡ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು. ನೀರು ಆವಿಯಾಗಿ ಹೋಗುತ್ತದೆ, ಲವಣ ಉಳಿಯುತ್ತದೆ. ಕುಡಿಯುವ ನೀರಿನಲ್ಲಿ ಕರಗಿದ ವಸ್ತುಗಳು ಲೀಟರಿಗೆ 500 ಮಿಲಿಗ್ರಾಂ ಮೀರದಿದ್ದರೆ ಒಳ್ಳೆಯದೆಂದು ಭಾರತೀಯ ಮಾನಕ ಹೇಳುತ್ತದೆ. ಈ ಲೆಕ್ಕದಲ್ಲಿ ಸಾವಿರ ಲೀಟರ್ ಟ್ಯಾಂಕಿನಲ್ಲಿ ಅರ್ಧ ಕಿಲೋ ಲವಣವಿರಬಹುದು! ನಾಲಿಗೆಗೆ ಅದೇ ರುಚಿ, ಗಾಜಿಗೆ ಕಲೆ.

ದೊಡ್ಡ ಕಟ್ಟಡಗಳ ಗಾಜು, ಚಾವಣಿಯ ಸೌರಫಲಕ ತೊಳೆಯುವವರು ಲವಣ ತೆಗೆದ ನೀರು ಬಳಸುವುದು ಇದಕ್ಕಾಗಿಯೇ. ಒರೆಸುವ ಕೆಲಸವೇ ಇಲ್ಲ, ತಾನಾಗಿ ಒಣಗಿದರೂ ಕಲೆ ಬೀಳದು. ಇಂಥ ನೀರನ್ನು ಬಟ್ಟಿ ಇಳಿಸಿ ಪಡೆಯಬಹುದು, ಆರ್‌.ಓ. ಪೊರೆಯಲ್ಲಿ ಸೋಸಬಹುದು, ಲವಣ ಹೀರುವ ರಾಳದ ಹರಳುಗಳ ಮೂಲಕ ಹಾಯಿಸಬಹುದು. ಬಟ್ಟಿ ಇಳಿಸುವ ವಿದ್ಯೆ ಭದ್ರಾವತಿಗೆ ಹೊಸದೇನಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯ ಮೊದಲ ಹೆಸರಿನಲ್ಲೇ 'ವುಡ್ ಡಿಸ್ಟಿಲೇಷನ್' ಇತ್ತು. ಅಲ್ಲಿ ಬಟ್ಟಿಗೆ ಹೋಗುತ್ತಿದ್ದುದು ಕಟ್ಟಿಗೆ, ನೀರಲ್ಲ, ಅಷ್ಟೇ ವ್ಯತ್ಯಾಸ. ಮನೆಯ ಆರ್‌.ಓ. ಯಂತ್ರ ಹೊರಬಿಡುವ ನೀರಿನಿಂದ ಮಾತ್ರ ಗಾಜು ತೊಳೆಯಬಾರದು. ಲವಣವೆಲ್ಲ ಸೇರಿರುವುದು ಅದರಲ್ಲೇ.

ಶುದ್ಧ ನೀರು ಹಸಿದ ನೀರು. ಮುಟ್ಟಿದ್ದನ್ನೆಲ್ಲ ಕರಗಿಸಿಕೊಳ್ಳಲು ನೋಡುತ್ತದೆ. ಸಿಮೆಂಟ್ ತೊಟ್ಟಿಯಲ್ಲಿಟ್ಟರೆ ಸುಣ್ಣದ ಅಂಶ, ಸತು ಬಳಿದ ತಗಡಿನ ಡ್ರಮ್ಮಿನಲ್ಲಿಟ್ಟರೆ ಸತು ಅದಕ್ಕೆ ಸೇರುತ್ತದೆ. ತೆರೆದಿಟ್ಟರೆ ಗಾಳಿಯ ಇಂಗಾಲದ ಡೈ ಆಕ್ಸೈಡ್ ಹೀರಿ ತುಸು ಹುಳಿಯಾಗುತ್ತದೆ. ಆದ್ದರಿಂದ ಜನ ಯಾವ ಕಂಪನಿಯದಾದರೂ 'ಸಿಂಟೆಕ್ಸ್' ಎಂದೇ ಕರೆಯುವ ಪಾಲಿಥಿಲೀನ್ ಟ್ಯಾಂಕೇ ಸೂಕ್ತ. ಬೆಳಕು ಒಳಹೋಗದ ಕಪ್ಪು ಬಣ್ಣದ್ದಾದರೆ ಪಾಚಿ ಕಟ್ಟದು. ಮುಚ್ಚಳ ಬಿಗಿಯಾಗಿರಲಿ, ತಳದಲ್ಲಿ ಕೊಳೆನೀರು ಬಿಡುವ ಕೊಳವೆ ಇರಲಿ. ಸಾವಿರ ಲೀಟರ್ ನೀರಿನ ತೂಕ ಒಂದು ಟನ್. ಟ್ಯಾಂಕಿನ ತಳ ಪೂರ್ತಿ ಕೂರುವಂತೆ, ತೊಲೆ ಅಥವಾ ಗೋಡೆಯ ನೇರದಲ್ಲಿ ಇಡಬೇಕು.

ಇನ್ನು ತೊಳೆಯುವುದು. ನೀರು ಖಾಲಿ ಮಾಡಿ, ಒಳಗೋಡೆಯನ್ನು ಬ್ರಷ್ಷಿನಿಂದ ಚೆನ್ನಾಗಿ ಉಜ್ಜಬೇಕು. ಬರೀ ನೀರು ಸುರಿದರೆ ಸಾಲದು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ನೀರಿನ ಮಟ್ಟಕ್ಕೆ ತುಸು ಮೇಲೆ, ಗೋಡೆಗೆ ಅಂಟಿಸಿ. ತೊಟ್ಟಿ ಒಣಗಿದ್ದರೂ ಆ ಮೊಟ್ಟೆ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ನೀರು ತುಂಬಿದೊಡನೆ ಒಡೆಯುತ್ತದೆ. ಮಲೆನಾಡಿನ ಮಳೆಗಾಲಕ್ಕೆ ಮುಂಚೆ ಒಮ್ಮೆ ಉಜ್ಜಿಬಿಟ್ಟರೆ ಮನೆಗೆ ಕ್ಷೇಮ.

ಉಜ್ಜಿದ ಮೇಲೆ ಕ್ಲೋರಿನ್. ಲೀಟರಿಗೆ 50 ಮಿಲಿಗ್ರಾಂ ಎಂದರೆ ಸಾವಿರ ಲೀಟರಿಗೆ 50 ಗ್ರಾಂ. ಹೊಸ ಬ್ಲೀಚಿಂಗ್ ಪುಡಿಯಲ್ಲಿ ಕ್ಲೋರಿನ್ ಸುಮಾರು ಮೂರನೇ ಒಂದು ಪಾಲು. ಹಾಗಾದರೆ ಪುಡಿ ಎಷ್ಟು ಬೇಕು? ಮಕ್ಕಳೇ ಲೆಕ್ಕ ಹಾಕಲಿ: 150 ಗ್ರಾಂ. ಬಕೆಟ್ಟಿನಲ್ಲಿ ಕದಡಿ, ಗಸಿ ತಂಗಲು ಬಿಟ್ಟು, ತಿಳಿಯನ್ನಷ್ಟೇ ತುಂಬಿದ ಟ್ಯಾಂಕಿಗೆ ಹಾಕಿ, ಒಂದು ರಾತ್ರಿ ಬಿಟ್ಟು ಹೊರಚೆಲ್ಲಬೇಕು, ಗಿಡಗಳಿಗಲ್ಲ. ವಾಸನೆ ಹೋಗುವವರೆಗೆ ತೊಳೆದು, ಶುದ್ಧ ನೀರಿನ ಟ್ಯಾಂಕಾದರೆ ಕೊನೆಯ ತೊಳೆತ ಶುದ್ಧ ನೀರಿನಲ್ಲೇ ಆಗಬೇಕು. ನಲ್ಲಿ ನೀರಿನಲ್ಲಿ ಮುಗಿಸಿದರೆ ಲವಣ ಮತ್ತೆ ಒಳಗೆ ಬಂದಂತೆ.

ಎರಡು ಎಚ್ಚರಿಕೆಗಳನ್ನು ಮರೆಯುವಂತಿಲ್ಲ. ಬ್ಲೀಚಿಂಗ್ ಪುಡಿಯ ಜೊತೆ ಆಸಿಡ್ ಅಥವಾ ಕಕ್ಕಸು ತೊಳೆಯುವ ದ್ರವ ಸೇರಿದರೆ ವಿಷಾನಿಲ ಏಳುತ್ತದೆ. ಬಹಳ ದಿನ ಮುಚ್ಚಿದ್ದ ಸಂಪಿನಲ್ಲಿ ಆಮ್ಲಜನಕ ಕಡಿಮೆಯಿರಬಹುದು. ಇಳಿದವರು ಕೂಗುವ ಮೊದಲೇ ಕುಸಿಯುತ್ತಾರೆ, ಎತ್ತಲು ಧಾವಿಸಿ ಇಳಿದವರೂ ಅವರ ಹಿಂದೆಯೇ. ಮಕ್ಕಳನ್ನು 'ಸಣ್ಣವನು, ಸಲೀಸಾಗಿ ಇಳಿಯುತ್ತಾನೆ' ಎಂದು ಸಂಪಿಗೆ ಇಳಿಸಲೇಬಾರದು. ಹೊರಗಿನಿಂದಲೇ ಉದ್ದ ಕೋಲಿನ ಬ್ರಷ್ಷು, ಪಂಪಿನಿಂದ ಆಗುವಷ್ಟು ಮಾಡಿ, ಉಳಿದದ್ದನ್ನು ಸಲಕರಣೆ ಇರುವ ಕೆಲಸಗಾರರಿಗೆ ಬಿಡುವುದು ಜಾಣತನ.

ಭಾನುವಾರಕ್ಕೊಂದು ಪ್ರಯೋಗ. ಹಳೆಯ ಗಾಜಿನ ತುಂಡಿನ ಮೇಲೆ ನಲ್ಲಿ ನೀರು, ಬೋರ್‌ವೆಲ್ ನೀರು, ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ನೀರು ಒಂದೊಂದು ಹನಿ ಇಟ್ಟು, ಬಿಸಿಲಲ್ಲಿ ಒಣಗಿಸಿ, ಕಪ್ಪು ಬಟ್ಟೆಯ ಮೇಲಿಟ್ಟು ನೋಡಿ. ಯಾವ ನೀರು ಏನನ್ನು ಹೊತ್ತು ತಂದಿತ್ತೆಂದು ಗಾಜೇ ಹೇಳುತ್ತದೆ.