ಸಂತೇನ ಮನೆಯೊಳಕ್ಕೆ ತರಬೇಡಿ ಕಣ್ರವ್ವಾ

ಮೊನ್ನೆ ನಮ್ಮ ತಂಗಿ ಮಗಳು ಫೋನ್ ಮಾಡಿದ್ಲು. "ದೊಡ್ಡಮ್ಮಾ, ಹದಿನೈದು ದಿನ ಆಯ್ತು, ನೀವು ಒಂದು ರೀಲ್ಸೂ ಹಾಕಿಲ್ಲ. ಹಿಂಗಾದ್ರೆ ಜನ ಮರ್ತೇ ಬಿಡ್ತಾರೆ" ಅಂದ್ಲು. ಮುದ್ದೆಗೆ ಎಸರಿಟ್ಟಿದ್ದೆ. "ಮರ್ತ್ರೆ ಮರೀಲಿ ಬಿಡು ತಾಯಿ" ಅಂದು ಫೋನ್ ಇಟ್ಬಿಟ್ಟೆ. ಆಮೇಲೆ ಮುದ್ದೆ ತಿರುವ್ತಾ ತಿರುವ್ತಾ ಕೋಪ ಬಂತು. ಅವಳ ಮೇಲಲ್ಲ, ಆ ಮಾತಿನ ಮೇಲೆ. ಫೋನಲ್ಲಿ ಹೇಳಕ್ಕಾಗದೆ ಇದ್ದಿದ್ದನ್ನ ಇಲ್ಲಿ ಹೇಳ್ತೀನಿ. ಅವಳೂ ಓದ್ತಾಳೆ, ಓದ್ಲಿ.

ನನ್ನ ಮಣಿ ಕೆಲಸ ನಿಮಗೆಲ್ಲಾ ಗೊತ್ತಿರೋದೆ. ಹಂಪಾಪುರದಲ್ಲಿ ನಮ್ಮ ಬೀದಿಯ ಎಷ್ಟೋ ಬಾಗಿಲಿಗೆ ನಾನು ಪೋಣಿಸಿದ ತೋರಣ ಇದೆ. ಮಗಳ ಮದುವೆಗೆ ಅಂತ ಹಸಿರು ಗಿಣಿಗಳ ತೋರಣ ಮಾಡಿದ್ನಲ್ಲ, ಅದರ ಫೋಟೋನ ಇದೇ ಹುಡುಗಿ ಫೋನಲ್ಲಿ ಹಾಕಿದ್ಲು. ಒಂದು ವಾರದಲ್ಲಿ ನಾಲ್ಕು ಜನ ಕೇಳಿದ್ರು. ನಂಗೆ ಎಷ್ಟು ಖುಷಿ ಆಯ್ತು ಅಂದ್ರೆ, ರಾತ್ರಿ ನಿದ್ದೆ ಬರ್ಲಿಲ್ಲ. ಮದುವೆಯಾಗಿ ಮೂವತ್ತು ವರ್ಷದ ಮೇಲೆ ಮೊದಲ ಸಲ ನನ್ನ ಹೆಸರಿಗೆ ದುಡ್ಡು ಬಂದಿತ್ತು. ನಮ್ಮನೆಯವ್ರನ್ನ ಕೇಳದೆ ಒಂದು ಮಿಕ್ಸಿ ತಗೊಂಡೆ. ಅದಕ್ಕೇ ಮೊದಲೇ ಹೇಳ್ಬಿಡ್ತೀನಿ, ನಾನು ಮಾರೋದರ ವಿರೋಧಿ ಅಲ್ಲ. "ಕೈ ಕೆಲಸಾನ ಮಾರ್ಕೋತಾರಾ, ಕೊಡೋದು ಕಣೇ" ಅನ್ನೋ ದೊಡ್ಡವರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರು ತಗೊಂಡು ಹೋದ ತೋರಣದ ಲೆಕ್ಕ ನನ್ನ ಹತ್ರ ಇದೆ, ಬರೆಯಲ್ಲ ಅಷ್ಟೆ.

ಆದ್ರೆ ನಾಲ್ಕು ಹೋಗಿ ಹದಿನಾಲ್ಕಾಯ್ತು ನೋಡಿ, ಆಗ ಶುರುವಾಯ್ತು. ಎಲ್ಲರಿಗೂ ಅದೇ ಗಿಣಿ ಬೇಕು. "ಫೋಟೋದಲ್ಲಿರೋ ಥರಾನೇ ಇರ್ಬೇಕು ಆಂಟಿ." ಒಂದು ಸಲ ಕೊಕ್ಕಿಗೆ ಕೆಂಪು ಬದಲು ಕಿತ್ತಳೆ ಹಾಕ್ದೆ, ಚೆನ್ನಾಗಿತ್ತು. ತಗೊಂಡವ್ರು ವಾಪಸ್ ಕಳಿಸಿದ್ರು. ಹತ್ತನೇ ಗಿಣಿ ತೋರಣ ಪೋಣಿಸುವಾಗ ಕೈ ತಾನಾಗೇ ಓಡ್ತಿತ್ತು, ತಲೆ ಎಲ್ಲೋ ಇತ್ತು. ಹದಿಮೂರನೇದಕ್ಕೆ ಮಣಿ ಡಬ್ಬಿ ನೋಡಿದ್ರೇನೇ ತಲೆನೋವು. ಯಾವ ಕೆಲಸ ಮಾಡಿದ್ರೆ ಮನಸ್ಸು ಹಗುರ ಆಗ್ತಿತ್ತೋ ಅದೇ ಕೆಲಸಕ್ಕೆ ಹೆದರ್ಕೊಂಡು ಮಧ್ಯಾಹ್ನ ಮಲಗೋದು ಕಲಿತೆ. ಇನ್ನೊಂದು ಕಡೆ ದಿನಾ ಒಂದು ವಿಡಿಯೋ ಹಾಕ್ಬೇಕಂತೆ. ವಿಡಿಯೋಗೆ ಬೆಳಕು ಬೇಕು, ಹಾಡು ಬೇಕು, ಒಳ್ಳೆ ಸೀರೆ ಉಟ್ಕೋಬೇಕು. ಮಣಿ ಪೋಣಿಸೋ ಹೊತ್ತೆಲ್ಲಾ ಮಣಿ ಪೋಣಿಸೋದನ್ನ ತೋರ್ಸೋದ್ರಲ್ಲೇ ಹೋಯ್ತು.

ದುಡ್ಡಾದ್ರೂ ಬಂತಾ ಅಂತ ಒಂದಿನ ಲೆಕ್ಕದ ಬುಕ್ಕು ತಗೊಂಡು ಕೂತೆ. ಮೂರು ಅಡಿ ಬಾಗಿಲಿನ ತೋರಣಕ್ಕೆ ಮಣಿ, ದಾರ ಸೇರಿ 450 ರೂಪಾಯಿ. ದಿನಕ್ಕೆ ಮೂರು ಗಂಟೆಯಂತೆ ಒಂಬತ್ತು ದಿನ, ಅಂದ್ರೆ 27 ಗಂಟೆ. ನಾನು ಮಾರಿದ್ದು 900ಕ್ಕೆ. ಗಂಟೆಗೆ ಹದಿನಾರು ಹದಿನೇಳು ರೂಪಾಯಿ! ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿ ಕೂಲಿ 2025-26ಕ್ಕೆ ದಿನಕ್ಕೆ 370 ರೂಪಾಯಿ. ಕಾಲುವೆ ಹೂಳೆತ್ತೋರ ಆ ಕೂಲಿನೇ ನನ್ನ ಕೈಗೂ ಹಾಕಿದ್ರೆ, ಎಂಟು ಗಂಟೆಗೆ ಒಂದು ದಿನ ಅಂತ ಹಿಡಿದ್ರೂ ಸುಮಾರು 1250 ಆಗುತ್ತೆ. ಮಣಿ ದುಡ್ಡು ಸೇರಿಸಿದ್ರೆ 1700. ಇದು ಕೂಲಿ ಮಾತ್ರ. ಗಿಣಿ ಹೆಂಗಿರ್ಬೇಕು ಅಂತ ಯೋಚಿಸಿದ ತಲೆಗೆ ಇದರಲ್ಲಿ ಒಂದು ಪೈಸಾನೂ ಇಲ್ಲ. ಬೆಲೆ 1700 ಅಂತ ಬರೆದ ದಿನ ಒಬ್ಬಾಕೆ "ಬರೀ ಮಣಿ ತಾನೆ ಆಂಟಿ, ಮನೇಲಿ ಸುಮ್ನೆ ಕೂತಿರ್ತೀರಲ್ಲ" ಅಂತ ಬರೆದ್ಲು. ಸುಮ್ನೆ ಕೂತಿರೋದಂತೆ. ನಾಲ್ಕು ಜನ ತಗೊಳ್ಳೋದು ನಿಲ್ಲಿಸಿದ್ರು, ಇಬ್ಬರು ತಗೊಂಡ್ರು. ಆ ಇಬ್ಬರೇ ಸಾಕು ನಂಗೆ.

ಈಗ ಸಂತೆ ವಿಷಯ. ಮಗಳು ಬೆಂಗಳೂರಲ್ಲಿರೋದ್ರಿಂದ ಒಂದು ಜನವರೀಲಿ ಚಿತ್ರಸಂತೆಗೆ ಕರ್ಕೊಂಡೋಗಿದ್ಲು. ಕುಮಾರಕೃಪಾ ರಸ್ತೆ ಪೂರ್ತಿ ಚಿತ್ರ ಕಣ್ರೀ. ಕಾಂಪೌಂಡ್ ಗೋಡೆಗೆ, ಮರಕ್ಕೆ, ನೆಲದ ಮೇಲೆ. ನೂರು ರೂಪಾಯಿ ಚಿತ್ರಾನೂ ಇದೆ, ಲಕ್ಷದ್ದೂ ಇದೆ. ಕರ್ನಾಟಕ ಚಿತ್ರಕಲಾ ಪರಿಷತ್ತಿನವರು ನಡೆಸೋದು. ಕೊರೊನಾ ಬಂದಾಗ 2021ರಲ್ಲಿ ರಸ್ತೇಲಿ ಮಾಡಕ್ಕಾಗದೆ ಆನ್‌ಲೈನಲ್ಲಿ ಮಾಡಿದ್ರು, ಆಮೇಲೆ ಮತ್ತೆ ರಸ್ತೆಗೇ ಬಂದ್ರು. ಅಲ್ಲಿ ಮರದ ಕೆಳಗೆ ಕೂತಿದ್ದ ಒಬ್ಬ ಹೆಂಗಸು, ನನ್ನ ವಯಸ್ಸಿನವ್ರೇ, ಮಾತಾಡಿಸಿದ್ದಕ್ಕೆ "ವರ್ಷವೆಲ್ಲಾ ಬರೀತೀನಮ್ಮ, ಇವತ್ತೊಂದಿನ ಮಾರ್ತೀನಿ" ಅಂದ್ರು. ನಂಗೆ ಅಲ್ಲೇ ತಟ್ಟಿತು. ನಮ್ಮಜ್ಜೀನೂ ಸಂತೆಗೆ ಹೋಗ್ತಿದ್ಲು, ಸೊಪ್ಪು ಮಾರ್ತಿದ್ಲು, ಸಂಜೆಗೆ ಬುಟ್ಟಿ ಕೊಡವಿ ಮನೆಗೆ ಬರ್ತಿದ್ಲು. ಸಂತೇನ ಕಟ್ಕೊಂಡು ಬಂದು ಮಂಚದ ಪಕ್ಕ ಇಟ್ಕೊಂಡು ಮಲಗ್ಲಿಲ್ಲ. ನಾವು ಮಲಗ್ತಾ ಇದ್ದೀವಿ. ದಿಂಬಿನ ಕೆಳಗೇ ಸಂತೆ, ರಾತ್ರಿ ಹನ್ನೊಂದಕ್ಕೂ "ಲಾಸ್ಟ್ ಪ್ರೈಸ್ ಎಷ್ಟು ಆಂಟಿ" ಅಂತಾರೆ.

ರವಿವರ್ಮ ಗೊತ್ತಲ್ಲ, ಮೈಸೂರು ಅರಮನೆಗೂ ಚಿತ್ರ ಬರ್ಕೊಟ್ಟವ್ರು. ಜಗನ್ಮೋಹನ ಅರಮನೇಲಿ ನೋಡಿರ್ತೀರಿ. ಅವರು 1894ರಲ್ಲಿ ಬೊಂಬಾಯಿ ಕಡೆ ಒಂದು ಪ್ರೆಸ್ಸು ಹಾಕಿ ತಮ್ಮ ಲಕ್ಷ್ಮಿ, ಸರಸ್ವತಿ ಚಿತ್ರಗಳನ್ನ ಅಚ್ಚು ಹಾಕಿಸಿದ್ರು. ನಮ್ಮ ದೇವರ ಮನೇಲಿರೋ ಪಟಗಳೆಲ್ಲ ಆ ಚಿತ್ರದ ಮಕ್ಕಳು ಮೊಮ್ಮಕ್ಕಳೇ. ಪ್ರೆಸ್ಸಲ್ಲಿ ನಷ್ಟ ಆಗಿ ಕೊನೆಗೆ ಒಬ್ಬ ಜರ್ಮನಿಯವರಿಗೆ ಮಾರಿದ್ರು, ಅದು ಬೇರೆ ಕತೆ. ನಾನು ಹೇಳೋದು ಏನಂದ್ರೆ, ಅದೇ ಲಕ್ಷ್ಮೀನ ಸಾವಿರ ಸಲ ಮಾಡೋ ಕೆಲಸ ಮಿಷಿನ್ನು ಮಾಡ್ತು. ಅವರ ಕುಂಚ ಮುಂದಿನ ಚಿತ್ರಕ್ಕೆ ಹೋಯ್ತು. ನಾವು ಮಾತ್ರ ನಾವೇ ಪ್ರೆಸ್ಸಾಗ್ತಾ ಇದ್ದೀವಿ.

"ಹಂಗಾದ್ರೆ ಫೋನ್ ಬಿಟ್ಬಿಡೋಣ್ವಾ" ಅಂತೀರಿ. ಬಿಡ್ಬೇಡಿ. ಫೋನಿಲ್ಲದಿದ್ರೆ ನನ್ನ ತೋರಣ ಕೋಟೆ ದಾಟ್ತಿರ್ಲಿಲ್ಲ. ಆದ್ರೆ ಫೋನಿಗೆ ತೂಕ, ಮುಟ್ಟು ಗೊತ್ತಾಗಲ್ಲ. ಚನ್ನಪಟ್ಟಣದ ಗೊಂಬೆ ನೋಡಿ, ಹಾಲೆ ಮರದ್ದು, ಮೇಲೆ ಅರಗಿನ ಬಣ್ಣ. ಕೈಯಲ್ಲಿ ಹಿಡಿದ್ರೆ ನುಣುಪು, ಬೆಚ್ಚಗೆ. ಫೋಟೋದಲ್ಲಿ ಅದೂ ಪ್ಲಾಸ್ಟಿಕ್ ಗೊಂಬೇನೂ ಒಂದೇ. ಅದಕ್ಕೆ ಫೋಟೋ ಕೆಳಗೆ ನಾನೀಗ ಬರೀತೀನಿ: ಗಾಜಿನ ಮಣಿ, ಇಷ್ಟು ಗಂಟೆ, ಒಂದರಂತೆ ಇನ್ನೊಂದು ಇರಲ್ಲ, ಬಣ್ಣ ನನ್ನ ಇಷ್ಟ. ಭಾನುವಾರ ಸಾಯಂಕಾಲ ಮಾತ್ರ ಫೋನ್ ನೋಡಿ ಉತ್ತರ ಕೊಡ್ತೀನಿ. ಒಂದು ಡಿಸೈನು ಐದು ಸಲ, ಅಷ್ಟೇ. ಆರನೇದು ಕೇಳಿದವ್ರಿಗೆ ನಮ್ಮ ಬೀದಿಯ ಹುಡುಗೀರಿಗೆ ಕಲಿಸಿದ್ದೀನಿ, ಅವ್ರ ನಂಬರು ಕೊಡ್ತೀನಿ. ಅವ್ರಿಗೆ ಗಿಣಿ ಇನ್ನೂ ಹೊಸದು.

ಹೊಸದು ನಂಗೆ ಎಲ್ಲಿಂದ ಬರುತ್ತೆ ಅಂತ ಆ ಹುಡುಗಿ ಕೇಳ್ತಾಳೆ. ಫೋನಲ್ಲಿ ಹುಡುಕಿದ್ರೆ ಇನ್ನೊಬ್ಬಳ ತೋರಣ ಸಿಗುತ್ತೆ, ಆಕೆ ಮತ್ತೊಬ್ಬಳದ್ದು ನೋಡಿ ಮಾಡಿರ್ತಾಳೆ. ನಂಗೆ ಸಿಕ್ಕಿದ್ದು ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ಚುಕ್ಕಿ ಇಡುವಾಗ. ಆ ರಂಗೋಲಿಗೆ ಗಿರಾಕಿ ಇಲ್ಲ, ಎಂಟು ಗಂಟೆಗೆ ಹಾಲಿನವನ ಸೈಕಲ್ಲು ತುಳ್ಕೊಂಡು ಹೋಗುತ್ತೆ. ತಪ್ಪಿದ್ರೂ ಯಾರೂ ವಾಪಸ್ ಕಳಿಸಲ್ಲ. ಅದಕ್ಕೇ ಅಲ್ಲಿ ಕೈ ಧೈರ್ಯವಾಗಿ ಓಡುತ್ತೆ. ನಮ್ಮತ್ತೆ ಮುಂಗೈ ಮೇಲಿದ್ದ ಹಚ್ಚೆ ನೆನಪಾಗಿ ಮೊನ್ನೆ ಅದನ್ನ ಚುಕ್ಕೀಲಿ ಬಿಡಿಸ್ದೆ. ಹಚ್ಚೆ ಹಸಿರು ಮಾಸಿ ನೀಲಿಯಾಗಿತ್ತಲ್ಲ, ಆ ಬಣ್ಣ ಹುಡುಕ್ತಾ ಇದ್ದೀನಿ.

ಅದನ್ನೇ ಈಗ ಪೋಣಿಸ್ತಿರೋದು. ಫೋಟೋ ತೆಗ್ದಿಲ್ಲ, ತೆಗೆಯಲ್ಲ. "ಸುಮ್ನೆ ಒಂದು ಫೋಟೋ ಕಳ್ಸಿ ದೊಡ್ಡಮ್ಮಾ" ಅಂತ ನಿನ್ನೆ ಮತ್ತೆ ಫೋನ್ ಬಂತು. ಮನೆಗೆ ಬಂದು ನೋಡು, ಹಂಗೇ ಉಪ್ಸಾರು ಮುದ್ದೆ ಉಂಡ್ಕೊಂಡು ಹೋಗು ಅಂದೆ. ನಿಮ್ಮಲ್ಲಿ ಯಾರ ಹತ್ರನಾದ್ರೂ ಹಳೇ ಕಾಲದ ಮಾಸಲು ನೀಲಿ ಮಣಿ, ಸಣ್ಣ ಸೈಜಿಂದು, ಪೆಟ್ಟಿಗೆ ತಳದಲ್ಲಿದ್ರೆ ಹೇಳಿ. ಒಂದು ಹಿಡಿ ಸಾಕು.