ಕಾವಲುಗಾರನಿಗೂ ಒಂದು ಕಾವಲು

ಗುಂಡ್ಲುಪೇಟೆಯಿಂದ ಊಟಿಯ ಹೆದ್ದಾರಿಯಲ್ಲಿ ಸಾಗಿ ಹಂಗಳದ ಬಳಿ ಬಲಕ್ಕೆ ಹೊರಳಿದರೆ, ಮಂಜಿನ ಮುಸುಕು ಹೊದ್ದ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಎದುರಾಗುತ್ತದೆ. ಸಮುದ್ರಮಟ್ಟದಿಂದ ೧೪೫೪ ಮೀಟರು ಎತ್ತರದ ಈ ಬೆಟ್ಟವನ್ನು ವೇಣುಗೋಪಾಲನ ದರ್ಶನಕ್ಕಾಗಿ ಏರುವವರು ಅನೇಕರು. ಆದರೆ ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಈ ವಲಯದಲ್ಲಿ ಬೇಸಗೆಗೆ ಮೊದಲೇ ಸದ್ದಿಲ್ಲದೆ ನಡೆಯುವ ಇನ್ನೊಂದು ಸೇವೆಯನ್ನು ಗಮನಿಸುವವರು ಕೆಲವರೇ. ಅರಣ್ಯ ಸಿಬ್ಬಂದಿ ಒಣಹುಲ್ಲನ್ನೂ ಲಂಟಾನದ ಪೊದೆಗಳನ್ನೂ ಸವರಿ ಬೆಂಕಿರೇಖೆಗಳನ್ನು ಅಣಿಗೊಳಿಸುತ್ತಾರೆ. ಹೋದ ವರ್ಷ ಸವರಿದ ರೇಖೆ ಈ ವರ್ಷಕ್ಕೆ ಬಾರದು. ಒಂದು ಮಳೆಗಾಲ ಕಳೆದರೆ ಹುಲ್ಲು ಮತ್ತೆ ಬೆಳೆದು ನಿಂತಿರುತ್ತದೆ. ೨೦೧೯ರ ಫೆಬ್ರವರಿಯಲ್ಲಿ ಈ ವಲಯಕ್ಕೂ ಹಬ್ಬಿದ ಕಾಳ್ಗಿಚ್ಚು ಸಾವಿರಾರು ಎಕರೆಯನ್ನು ಸುಟ್ಟಿತು. ಕಡೆಗೆ ವಾಯುಪಡೆಯ ಹೆಲಿಕಾಪ್ಟರುಗಳು ಬಂದು ನೀರು ಸುರಿಯಬೇಕಾಯಿತು. ಕಾವಲೆಂಬುದು ಒಮ್ಮೆ ಮಾಡಿ ಮರೆಯತಕ್ಕ ಕೆಲಸವಲ್ಲ.

ಕಾಡಿಗೆ ಸಲ್ಲುವ ಈ ಮಾತು ಪಟ್ಟಣವಾಸಿಗಳಾದ ನಮಗೂ ಸಲ್ಲುತ್ತದೆ. ನಮ್ಮ ಠೇವಣಿಯ ಲೆಕ್ಕ, ಆಸ್ಪತ್ರೆಯ ಚೀಟಿ, ಮಕ್ಕಳ ಅಂಕಪಟ್ಟಿ ಎಲ್ಲವೂ ಇಂದು ಯಾವುದೋ ಕೋಣೆಯ ಸರ್ವರ್ ಎಂಬ ಯಂತ್ರದಲ್ಲಿ ಕುಳಿತಿವೆ. ಅಂಥ ಯಂತ್ರಗಳಲ್ಲಿ ಬಹುಪಾಲನ್ನು ನಡೆಸುವುದು ಲಿನಕ್ಸ್ ವ್ಯವಸ್ಥೆ. ಅವುಗಳಿಗೆ ಕಾವಲಾಗಿ ವಾಜು, ಶಫಲ್ ಮೊದಲಾದ ತಂತ್ರಾಂಶಗಳಿವೆ. ನಡುರಾತ್ರಿಯಲ್ಲಿ ಯಾರೋ ನೂರು ಬಾರಿ ತಪ್ಪು ಪಾಸ್‌ವರ್ಡ್ ಒತ್ತಿದರೆ, ಇಂಥ ಕಾವಲುಗಾರ ಅದನ್ನು ಕಂಡು, ಬಂದವನ ದಾರಿಯನ್ನು ತಾನೇ ಮುಚ್ಚಿ, ಮೇಲ್ವಿಚಾರಕನಿಗೆ ಸುದ್ದಿ ಕಳುಹಿಸಬಲ್ಲ. ಇವನ್ನು ಹಣ ತೆರದೆ ಪಡೆದು ಸ್ವಂತ ಯಂತ್ರದಲ್ಲಿ ನೆಲೆಗೊಳಿಸಬಹುದು. ಆದರೆ ಸ್ವಂತ ಮನೆ ಕಟ್ಟಿಸಿದವನು ಸೋರುವ ಹೆಂಚನ್ನೂ ತಾನೇ ಬದಲಿಸಬೇಕಲ್ಲವೆ? ಹೊಸ ಆವೃತ್ತಿ ಬಂದಾಗ ಏರಿಸುವ ಹೊಣೆಯೂ ಇಟ್ಟುಕೊಂಡವರದೇ.

ಇಲ್ಲಿ ಎರಡು ಅಪಾಯಗಳುಂಟು. ಮೊದಲನೆಯದು ಆಲಸ್ಯ. ೨೦೧೭ರ ಮೇ ೧೨ರಂದು ವಾನಾಕ್ರೈ ಎಂಬ ಪಿಡುಗು ಜಗತ್ತಿನಾದ್ಯಂತ ಹಬ್ಬಿದಾಗ ಇಂಗ್ಲೆಂಡಿನ ಆಸ್ಪತ್ರೆಗಳು ರೋಗಿಗಳನ್ನು ಹಿಂದಕ್ಕೆ ಕಳುಹಿಸಿದವು, ಶಸ್ತ್ರಚಿಕಿತ್ಸೆಗಳನ್ನು ಮುಂದೂಡಿದವು. ಅದಕ್ಕೆ ಬೇಕಾದ ತೇಪೆಯನ್ನು ಮೈಕ್ರೋಸಾಫ್ಟ್ ಸಂಸ್ಥೆ ಮಾರ್ಚ್ ೧೪ರಂದೇ ಕೊಟ್ಟಿತ್ತು. ಎರಡು ತಿಂಗಳ ಕಾಲ ಮದ್ದು ಮನೆಯಲ್ಲೇ ಇದ್ದೂ ಕುಡಿಯದವರು ನರಳಿದರು.

ಎರಡನೆಯದು ಆತುರ. ೨೦೨೪ರ ಜುಲೈ ೧೯ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಾವಲು ಸಂಸ್ಥೆಯೇ ಕಳುಹಿಸಿದ ದೋಷಯುಕ್ತ ಕಡತವೊಂದು ಸುಮಾರು ೮೫ ಲಕ್ಷ ವಿಂಡೋಸ್ ಯಂತ್ರಗಳನ್ನು ಮೂರ್ಛೆಗೆ ಕೆಡವಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಅಂದು ಪ್ರಯಾಣಿಕರಿಗೆ ಕೈಬರಹದ ಚೀಟಿ ಕೊಟ್ಟದ್ದು ಓದುಗರಿಗೆ ನೆನಪಿರಬಹುದು. ಸಂಸ್ಥೆಯವರು ದೋಷವನ್ನು ೭೮ ನಿಮಿಷಗಳಲ್ಲೇ ಹಿಂತೆಗೆದುಕೊಂಡರು. ಆದರೆ ಅಷ್ಟರಲ್ಲಿ ಬಿದ್ದಿದ್ದ ಯಂತ್ರಗಳನ್ನು ಬಹುಮಟ್ಟಿಗೆ ಒಂದೊಂದಾಗಿ ಕೈಯಿಂದಲೇ ಎಬ್ಬಿಸಬೇಕಾಯಿತು. ಇವೆರಡೂ ವಿಂಡೋಸಿನ ಕಥೆಗಳು ನಿಜ. ಲಿನಕ್ಸಿಗೂ ನೀತಿ ಬೇರೆಯಲ್ಲ.

ಹಾಗಾದರೆ ಮಾಡತಕ್ಕದ್ದೇನು? ಗೋಪಾಲಸ್ವಾಮಿ ಬೆಟ್ಟದ ಮೇಲೆ ರಾತ್ರಿ ತಂಗುವಂತಿಲ್ಲ. ಏರಿದವರು ಸಂಜೆಯೊಳಗೆ ಇಳಿಯಲೇಬೇಕು. ಆದುದರಿಂದ ಅಲ್ಲಿಗೆ ಹೋಗುವವನು ಹಿಂದಿರುಗುವ ಬಸ್ಸಿನ ವೇಳೆಯನ್ನು ಮೊದಲೇ ವಿಚಾರಿಸಿಕೊಳ್ಳುತ್ತಾನೆ. ತಂತ್ರಾಂಶವನ್ನು ಏರಿಸುವವನಿಗೂ ಇದೇ ವಿವೇಕ ಬೇಕು. ಹೊಸ ಆವೃತ್ತಿಯೊಡನೆ ಬರುವ ಟಿಪ್ಪಣಿಯನ್ನು ಆದ್ಯಂತ ಓದಬೇಕು. ದತ್ತಾಂಶದ ಪ್ರತಿಯನ್ನು ಬೇರೆ ಯಂತ್ರದಲ್ಲಿ ತೆಗೆದಿಡಬೇಕು. ಗುಪ್ತಲಿಪಿಯನ್ನು ಬಿಡಿಸುವ ಕೀಲಿಯನ್ನೂ ಜೋಪಾನಮಾಡಬೇಕು. ಅದಿಲ್ಲದ ಪ್ರತಿ, ಬೀಗದ ಕೈ ಕಳೆದುಹೋದ ಕಬ್ಬಿಣದ ಪೆಟ್ಟಿಗೆಗೆ ಸಮ. ಆ ಪ್ರತಿಯಿಂದ ಎಲ್ಲವನ್ನೂ ಮರಳಿ ನಿಲ್ಲಿಸಿ ನೋಡದ ಹೊರತು ಅದನ್ನು ನಂಬತಕ್ಕದ್ದಲ್ಲ. ಅನಂತರ ಪರೀಕ್ಷೆಗೆಂದೇ ಇಟ್ಟ ಯಂತ್ರದಲ್ಲಿ ಹೊಸದನ್ನು ಏರಿಸಿ ನೋಡಿ, ಕೆಲಸ ಕಡಮೆಯಿರುವ ವೇಳೆಯಲ್ಲಿ ನಿಜವಾದ ಯಂತ್ರಕ್ಕೆ ಕೈಹಾಕಬೇಕು. ದತ್ತಾಂಶದ ರೂಪವೇ ಒಮ್ಮೆ ಬದಲಾದರೆ ಹಳೆಯ ಆವೃತ್ತಿ ಅದನ್ನು ಓದಲಾರದೆ ಹೋಗಬಹುದು. ಆಗ ಹಿಂದಿರುಗಲು ಉಳಿಯುವ ದಾರಿ ಆ ಪ್ರತಿಯೊಂದೇ.

ಏರಿಸುವುದರಲ್ಲೂ ಒಂದು ಕ್ರಮವುಂಟು. ವಾಜುವಿನಲ್ಲಿ ಮೊದಲು ದತ್ತಾಂಶದ ಕೋಶ, ಆಮೇಲೆ ಮುಖ್ಯ ಸರ್ವರ್, ಅದಾದ ಮೇಲೆ ನೋಟಫಲಕ, ಕಡೆಗೆ ಬೇರೆ ಬೇರೆ ಯಂತ್ರಗಳಲ್ಲಿ ಕುಳಿತಿರುವ ದೂತರು. ದೂತನ ಆವೃತ್ತಿ ಯಜಮಾನನ ಆವೃತ್ತಿಗಿಂತ ಹೊಸದಾಗಿರಬಾರದು. ಕೆಲಸ ಮುಗಿದ ಮೇಲೂ ಕೈತೊಳೆಯುವಂತಿಲ್ಲ. ಬೇಕೆಂದೇ ಒಂದು ತಪ್ಪು ಪಾಸ್‌ವರ್ಡ್ ಒತ್ತಿಸಿ, ಕಾವಲುಗಾರ ಎಚ್ಚರವಾಗಿದ್ದಾನೆಯೇ ಎಂದು ನೋಡಬೇಕು. ಅವನ ದಿನಚರಿಯೂ ಅಳಿಯಬಾರದು. ಭಾರತ ಸರಕಾರದ ಸಿಇಆರ್‌ಟಿ-ಇನ್ ಸಂಸ್ಥೆಯ ೨೦೨೨ರ ಏಪ್ರಿಲ್ ೨೮ರ ಆದೇಶದಂತೆ ಇಂಥ ದಾಖಲೆಯನ್ನು ೧೮೦ ದಿನಗಳ ಕಾಲ ಉಳಿಸಿಡತಕ್ಕದ್ದು.

ಇಷ್ಟಕ್ಕೂ ಈ ಕಾವಲುಗಾರನ ಮೇಲೆ ಇಷ್ಟೊಂದು ಕಾವಲೇಕೆ ಎಂದು ಕೇಳುವಿರಾದರೆ, ಉತ್ತರ ಸರಳ. ಹತ್ತು ಬಾಗಿಲುಗಳನ್ನು ತೆರೆದು ಮುಚ್ಚುವವನ ಸೊಂಟದಲ್ಲಿ ಹತ್ತೂ ಬೀಗದ ಕೈಗಳು ತೂಗುತ್ತಿರುತ್ತವೆ. ಅವನು ಕಳ್ಳರ ವಶವಾದರೆ ಮನೆಯೆಲ್ಲ ಅವರ ವಶವಾದಂತೆ.

ಆದುದರಿಂದ, ನಿಮ್ಮ ಮಗನೋ ಸೊಸೆಯೋ ಭಾನುವಾರ ರಾತ್ರಿ ಊಟ ಆರಿಸಿಕೊಂಡು ಇಂಥ ಕೆಲಸಕ್ಕೆ ಕುಳಿತಿದ್ದರೆ ಗದರಬೇಡಿ; ತಟ್ಟೆಯನ್ನು ಮುಚ್ಚಿಡಿ. ನೀವು ಶಾಲೆಯ ಸಮಿತಿಯಲ್ಲೋ ಸಹಕಾರ ಸಂಘದ ಆಡಳಿತದಲ್ಲೋ ಇದ್ದರೆ, ಮುಂದಿನ ಸಭೆಯಲ್ಲಿ ಎರಡು ಪ್ರಶ್ನೆಗಳನ್ನು ಕೇಳಿ: ನಮ್ಮ ಕಾವಲು ತಂತ್ರಾಂಶ ಕಡೆಯ ಬಾರಿ ಹೊಸದಾದದ್ದು ಯಾವಾಗ? ಕೆಟ್ಟರೆ ಹಿಂದಕ್ಕೆ ಮರಳಿ ಬರುವುದನ್ನು ಯಾರಾದರೂ ಮಾಡಿ ನೋಡಿದ್ದಾರೆಯೇ? ಉತ್ತರಕ್ಕೆ ತಡವರಿಸಿದರೆ, ಬೆಂಕಿರೇಖೆಯಲ್ಲಿ ಹುಲ್ಲು ಬೆಳೆದಿದೆಯೆಂದೇ ತಿಳಿಯಿರಿ.